ಎದುರು ಮಾತಿಲ್ಲದ ರೇಡಿಯೊ

24 ಅಕ್ಟೋಬರ್ 2024, ಗುರುವಾರ
ಕೊಲಂಬಸ್, ಒಹಾಯೊ

ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಇನ್ನು ಎರಡು ವಾರವೂ ಇಲ್ಲ. ಕೆಲಸದ ಮೇಲೆ ಸಿನ್ಸಿನಾಟಿಗೆ ಹೋಗಿಬಂದೆ. ದಾರಿಯುದ್ದಕ್ಕೂ ಎಎಂ ರೇಡಿಯೊ. ಯಾವ ಸ್ಟೇಷನ್ ಹಾಕಿದರೂ ರಾಜಕೀಯದ ಮಾತೇ.

ಒಂದು ಶೋಗೆ ಒಬ್ಬ ಹೆಂಗಸು ಫೋನ್ ಮಾಡಿದ್ದರು. ಹಿಂದೆ ಅವರ ಮನೆಯ ರೇಡಿಯೊ ಕೂಗುತ್ತಿತ್ತು. ಪ್ರಸಾರ ಕೆಲವು ಸೆಕೆಂಡ್ ತಡವಾಗಿ ಬರುತ್ತದಲ್ಲ, ತಮ್ಮದೇ ದನಿ ಮತ್ತೆ ಕೇಳಿಸಿ ತಡವರಿಸಿದರು. ರೇಡಿಯೊ ಸಣ್ಣಗೆ ಮಾಡಿ ಅಂದ ನಿರೂಪಕ. ಮೊದಲು ಅವನನ್ನು ಹೊಗಳಿದರು. ಆಮೇಲೆ ದಿನಸಿ ಜಾಸ್ತಿಯಾಗಿದೆ, ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಇದ್ದರೂ ಗಂಡನ ಔಷಧಿಗೆ ದುಡ್ಡು ಸಾಲುತ್ತಿಲ್ಲ ಅಂದರು. ಅಷ್ಟರಲ್ಲೇ ಅವನು ಎದುರು ಪಕ್ಷದ ಮೇಲೆ ಹರಿಹಾಯ್ದ. ಆಕೆಯ ಲೈನ್ ಯಾವಾಗ ಕಟ್ ಆಯಿತೋ ಗೊತ್ತೇ ಆಗಲಿಲ್ಲ. ಬರುವ ಜನವರಿಯಿಂದ ಮೆಡಿಕೇರ್‌ನ ಔಷಧಿ ವಿಮೆ ಇರುವವರು ವರ್ಷಕ್ಕೆ 2,000 ಡಾಲರ್‌ಗಿಂತ ಹೆಚ್ಚು ಕೈಯಿಂದ ಹಾಕಬೇಕಾಗಿಲ್ಲ. ಆಕೆಗೆ ಬೇಕಾಗಿದ್ದ ಸುದ್ದಿ ಅದು. ಹೇಳುವವರೇ ಇರಲಿಲ್ಲ. ತುಂಬಾ ಸಂಕಟವಾಯಿತು.

ಮೊದಲು ಇಲ್ಲಿ 'ಫೇರ್‌ನೆಸ್ ಡಾಕ್ಟ್ರಿನ್' ಅಂತ ಒಂದು ನಿಯಮವಿತ್ತು, 1949ರಿಂದ. ವಿವಾದದ ವಿಷಯ ಎತ್ತಿಕೊಂಡ ಸ್ಟೇಷನ್ ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕಿತ್ತು. 1987ರಲ್ಲಿ ಎಫ್‌ಸಿಸಿ, ಅಂದರೆ ರೇಡಿಯೊ-ಟಿವಿಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಆಯೋಗ, ಅದನ್ನು ಕೈಬಿಟ್ಟಿತು. ಮರುವರ್ಷ ಆಗಸ್ಟ್‌ನಲ್ಲಿ ರಶ್ ಲಿಂಬಾ ಎಂಬ ಬಲಪಂಥೀಯ ನಿರೂಪಕ ದೇಶಕ್ಕೆಲ್ಲ ಕೇಳಿಸುವ ಶೋ ಶುರು ಮಾಡಿದರು. ದಿನಕ್ಕೆ ಮೂರು ಗಂಟೆ, ಬಹುಪಾಲು ಅವರೊಬ್ಬರದೇ ದನಿ. ಹಾಡುಗಳೆಲ್ಲ ಎಫ್‌ಎಂಗೆ ಹೋಗಿ ಎಎಂ ಸ್ಟೇಷನ್‌ಗಳು ಸೊರಗಿದ್ದ ಕಾಲ. ಜಾಹೀರಾತಿನ ಒಂದಿಷ್ಟು ಹೊತ್ತು ಬಿಟ್ಟುಕೊಟ್ಟರೆ ಶೋ ಪುಕ್ಕಟೆ ಸಿಗುತ್ತಿತ್ತು. ಯಾರು ಬೇಡ ಅಂತಾರೆ? ಕೊನೆಗೆ 600ಕ್ಕೂ ಹೆಚ್ಚು ಸ್ಟೇಷನ್‌ಗಳಲ್ಲಿ ಬರುತ್ತಿತ್ತು.

1996ರಲ್ಲಿ ಎಂಎಸ್‌ಎನ್‌ಬಿಸಿ, ಫಾಕ್ಸ್ ನ್ಯೂಸ್ ಎಂಬ ಕೇಬಲ್ ಟಿವಿಯ ಸುದ್ದಿ ಚಾನೆಲ್‌ಗಳು ಎರಡೂ ಬಂದವು. ಕೇಬಲ್‌ನವರಿಗೆ ಇನ್ನೊಂದು ಅನುಕೂಲ. ಯಾರು ನೋಡಲಿ ಬಿಡಲಿ, ಕೇಬಲ್ ಇರುವ ಪ್ರತಿ ಮನೆಯ ಬಿಲ್ಲಿನಲ್ಲೂ ಅವರಿಗೊಂದು ಪಾಲು. ಊರೂರಿಗೆ ವರದಿಗಾರರನ್ನು ಕಳಿಸುವುದು ಖರ್ಚಿನ ಬಾಬತ್ತು. ಸ್ಟುಡಿಯೊದಲ್ಲಿ ನಾಲ್ಕು ಜನರನ್ನು ಕೂರಿಸಿ ಮಾತಾಡಿಸುವುದು ಅಗ್ಗ.

ಆದರೆ ಅಗ್ಗ ಅಂದ ಮಾತ್ರಕ್ಕೆ ಜನ ಕೇಳುತ್ತಾರಾ? ಭಾನುವಾರ ಮೈಸೂರಿಗೆ ಫೋನ್ ಮಾಡಿದ್ದೆ. ನಮ್ಮಲ್ಲಿ ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಹೇಳುವ ಅನುಮತಿ ಇಲ್ಲ, ಹಾಗಾಗಿ ರಾಜಕೀಯದ ಜಗಳವೆಲ್ಲ ಟಿವಿಯಲ್ಲೇ. ಅಪ್ಪ ರಾತ್ರಿ ಒಂಬತ್ತರ ಚರ್ಚೆ ಬಿಡುವುದಿಲ್ಲ. ಬಿಪಿ ಇದೆ, ಆ ಕೂಗಾಟ ಯಾಕೆ ನೋಡ್ತೀರಿ ಅಂದೆ. "ನಿಮ್ಮಮ್ಮ ಬೇಗ ಮಲಗಿಬಿಡ್ತಾಳೆ. ಒಬ್ಬನೇ ಕೂತಿರ್ತೀನಲ್ಲಪ್ಪ, ನಾಲ್ಕು ಜನ ಮಾತಾಡ್ತಿದ್ರೆ ಮನೇಲಿ ಯಾರೋ ಇದಾರೆ ಅನ್ಸುತ್ತೆ" ಅಂದರು.

ಅಲ್ಲಿ ರಾತ್ರಿ ಒಂಬತ್ತು ಅಂದರೆ ಈಗ ಇಲ್ಲಿ ಬೆಳಗ್ಗೆ ಹನ್ನೊಂದೂವರೆ. ಆಫೀಸಿನಲ್ಲಿ ಆ ಹೊತ್ತಿಗೆ ಅರ್ಧ ಗಂಟೆ ಬಿಡುವು ಕೇಳಿದ್ದೇನೆ. ಸೋಮವಾರದಿಂದ ಅಪ್ಪನಿಗೆ ದಿನಾ ಫೋನ್.