ಮೊದಲು ಹಿಂಬದಿ ನೋಡಿದರು

ನಾನು ಚರ್ಮದಲ್ಲಿ ಮಾಡಿದ ಮೊದಲ ಕಾರ್ಡ್ ಹೋಲ್ಡರ್ ನೋಡಿದವರೆಲ್ಲ ಸೂಪರ್ ಅಂದರು. ಮನೆಯವರು ಅಂದರು, ಗೆಳೆಯರು ಅಂದರು, ಒಬ್ಬ ಗೆಳತಿಯಂತೂ ನನಗೂ ಒಂದು ಮಾಡಿಕೊಡು ಅಂತ ಹಿಂದೆ ಬಿದ್ದಳು. ಖುಷಿಯಲ್ಲಿ ಇನ್ನೂ ನಾಲ್ಕು ಮಾಡಿದೆ. ಐದನ್ನೂ ಸಾಲಾಗಿ ಇಟ್ಟು ನೋಡಿದರೆ ಯಾವುದು ಮೊದಲನೆಯದು, ಯಾವುದು ಐದನೆಯದು ಅಂತ ನನಗೇ ಗೊತ್ತಾಗಲಿಲ್ಲ. ಕೈ ಪಳಗುತ್ತಿದೆ ಅಂದುಕೊಂಡಿದ್ದೆ, ಆದರೆ ಪಳಗಿದ್ದು ನನ್ನ ತಪ್ಪುಗಳು ಮಾತ್ರ.

ಆಮೇಲೆ ಅದರಲ್ಲಿ ಒಂದನ್ನು ಬಹಳ ವರ್ಷದಿಂದ ಚರ್ಮದ ಬ್ಯಾಗ್ ಹೊಲಿಯುತ್ತಿರುವ ಹಿರಿಯರೊಬ್ಬರ ಕೈಗೆ ಕೊಟ್ಟೆ. ಅವರು ಮುಂಭಾಗ ನೋಡಲೇ ಇಲ್ಲ. ತೆಗೆದುಕೊಂಡ ತಕ್ಷಣ ತಿರುಗಿಸಿದರು.

"ಮುಂದೆ ಎಲ್ಲರೂ ನೆಟ್ಟಗೇ ಹೊಲೀತಾರೆ. ಹಿಂದೆ ನೋಡು, ಒಂದು ತೂತು ಅಂಚಿನಿಂದ ಇಷ್ಟು ದೂರ, ಇನ್ನೊಂದು ಅಂಚಿಗೇ ಬಂದುಬಿಟ್ಟಿದೆ. ಚಿಸೆಲ್ ಹೇಗೆ ಹಿಡೀತೀಯ, ತೋರಿಸು."

ತೋರಿಸಿದೆ. ಚಿಸೆಲ್ ಅಂದರೆ ಹೊಲಿಗೆಗೆ ಸಾಲಾಗಿ ತೂತು ಹೊಡೆಯುವ, ಹಲ್ಲುಗಳಿರುವ ಉಳಿ. ಹೊಲಿಗೆಯ ಗೆರೆ ಎಡದಿಂದ ಬಲಕ್ಕೆ ಬರುವ ಹಾಗೆ ಚರ್ಮ ಇಟ್ಟು, ಅದರ ಎದುರು ಕೂತು, ನಾಲ್ಕು ಹಲ್ಲಿನ ಚಿಸೆಲ್ ಊರಿ ಕೊಡತಿಯಿಂದ ಹೊಡೆದೆ. ಚಿಸೆಲ್ ಸ್ವಲ್ಪ ನನ್ನ ಕಡೆಗೆ ವಾಲುತ್ತಿತ್ತಂತೆ. ಕೂತ ಜಾಗದಿಂದ ಅದು ಕಾಣುವುದೇ ಇಲ್ಲ! 1.2 ಮಿ.ಮೀ. ಚರ್ಮ ಮೂರು ಪದರ ಸೇರಿದರೆ 3.6 ಮಿ.ಮೀ. ದಪ್ಪ. ಅದರಲ್ಲಿ 10 ಡಿಗ್ರಿ ವಾಲಿದರೂ ಸಾಕು, ಹಿಂದೆ ತೂತು ಅರ್ಧ ಮಿ.ಮೀ.ಗಿಂತ ಜಾಸ್ತಿ ಸರಿದಿರುತ್ತದೆ. ಅವರು ಚರ್ಮವನ್ನು ಕಾಲು ಸುತ್ತು ತಿರುಗಿಸಿಟ್ಟರು, ಅಷ್ಟೇ. ಈಗ ಗೆರೆ ನನ್ನಿಂದ ಆಚೆಗೆ ನೆಟ್ಟಗೆ ಹೋಗುತ್ತಿತ್ತು. ಚಿಸೆಲ್ ಎಡಕ್ಕೋ ಬಲಕ್ಕೋ ವಾಲಿದರೆ ಹೊಡೆಯುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಮುಂದಿನ ಒಂದು ವಾರ ಏನೂ ಹೊಲಿಯಲಿಲ್ಲ. ಉಳಿದ ಚೂರುಗಳನ್ನು ಅಂಟಿಸಿಕೊಂಡು, ಎರಡೂ ಬದಿಗೆ ಅಂಚಿನಿಂದ 3 ಮಿ.ಮೀ.ಗೆ ಗೆರೆ ಎಳೆದು, ಬರೀ ತೂತು ಹೊಡೆದೆ. ಹಿಂದೆಯೂ ತೂತು ಗೆರೆಯ ಮೇಲೇ ಬಂದರೆ ಸರಿ, ಇಲ್ಲದಿದ್ದರೆ ಇನ್ನೊಂದು ಚೂರು. ಬೋರ್ ಹೊಡೆಸುವ ಕೆಲಸ, ನಿಜ. ಆದರೆ ಪೂರ್ತಿ ವಸ್ತು ಮಾಡುವಾಗ ಕತ್ತರಿಸುವುದು, ಅಂಟು, ತೂತು, ಹೊಲಿಗೆ ಎಲ್ಲ ಒಟ್ಟಿಗೆ ತಲೆಯಲ್ಲಿ ಓಡುತ್ತಿರುತ್ತದೆ, ಕೊನೆಗೆ ಕೆಟ್ಟದ್ದು ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ. ಆ ಚೂರುಗಳ ಮೇಲೆ ತಾರೀಖು ಬರೆದು ಡಬ್ಬಿಯಲ್ಲಿ ಇಟ್ಟಿದ್ದೇನೆ.

ಆ ಹಿರಿಯರಿಗೆ ಹೊಲಿಗೆ ತೋರಿಸಿದಾಗ ಇನ್ನೊಂದು ತಮಾಷೆ ಆಯಿತು. ಸ್ಯಾಡಲ್ ಸ್ಟಿಚ್ ಗೊತ್ತಲ್ವಾ, ಒಂದೇ ದಾರ, ಎರಡು ತುದಿಗೂ ಸೂಜಿ, ಪ್ರತಿ ತೂತಿನಲ್ಲೂ ಎರಡೂ ಸೂಜಿ ಹಾಯಬೇಕು. ಒಂದು ಕಡೆ ದಾರ ತುಂಡಾದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಆದರೆ ಯಾವ ಸೂಜಿ ಮೊದಲು, ಎರಡನೆಯದು ಮೊದಲ ದಾರದ ಯಾವ ಪಕ್ಕದಿಂದ ಹೋಗಬೇಕು ಅನ್ನೋದು ಕೊನೆಯವರೆಗೂ ಬದಲಾಗಬಾರದು. ಬದಲಾದರೆ ಓರೆಯಾಗಿ ಬರುತ್ತಿದ್ದ ಹೊಲಿಗೆ ಅಲ್ಲಿ ಮಾತ್ರ ಚಪ್ಪಟೆಯಾಗಿ ಮಲಗುತ್ತದೆ. ಅವರು ಅಂಥ ಒಂದು ಹೊಲಿಗೆಯ ಮೇಲೆ ಉಗುರು ಇಟ್ಟು, "ಇಲ್ಲಿ ಎದ್ದು ಹೋಗಿದ್ದೆ ಅಲ್ವಾ?" ಅಂದರು. ಹೌದು, ಫೋನ್ ಬಂದಿತ್ತು.

ಸಲಹೆ ಎಲ್ಲ ಹೀಗೇ ಇರುತ್ತದೆ ಅಂತಲ್ಲ. ಅಂಚು ನಯ ಆಗುತ್ತಿಲ್ಲ ಅಂತ ಬೇರೆ ಒಬ್ಬರನ್ನು ಕೇಳಿದ್ದೆ. ನೀರು ಹಚ್ಚಿ ಮರದ ತುಂಡಿನಿಂದ ಚೆನ್ನಾಗಿ ಉಜ್ಜಿ ಅಂದರು. ಎರಡು ದಿನ ಉಜ್ಜಿದೆ, ಕೈ ನೋವು ಬಂತೇ ಹೊರತು ಹೊಳಪು ಬರಲಿಲ್ಲ. ಮರದ ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ ಚರ್ಮಕ್ಕೆ ಅವರ ಮಾತು ಸರಿ. ನನ್ನ ಕೈಯಲ್ಲಿ ಇದ್ದದ್ದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತನೆಯ ಚರ್ಮ, ಅದು ಎಷ್ಟು ಉಜ್ಜಿದರೂ ಗಟ್ಟಿಯಾಗಿ ಕೂರುವುದಿಲ್ಲ, ಅದಕ್ಕೆ ಅಂಚಿನ ಬಣ್ಣ ಹಚ್ಚಬೇಕು ಅಥವಾ ಅಂಚನ್ನೇ ಒಳಗೆ ಮಡಿಸಿ ಹೊಲಿಯಬೇಕು. ತಪ್ಪು ಅವರದ್ದಲ್ಲ. ಯಾವ ಚರ್ಮ ಅಂತ ನಾನೇ ಹೇಳಿರಲಿಲ್ಲ.

ಈಗ ಯಾರನ್ನೇ ಕೇಳುವಾಗ ಚರ್ಮ ಯಾವುದು, ಎಷ್ಟು ದಪ್ಪ, ದಾರ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ಹೇಗಿದೆ ಅಂತ ಕೇಳುವುದನ್ನು ಬಿಟ್ಟಿದ್ದೇನೆ, ಹಾಗೆ ಕೇಳಿದರೆ ಯಾರು ತಾನೆ ಚೆನ್ನಾಗಿಲ್ಲ ಅಂತಾರೆ? ಈ ಮೂಲೆಯ ಹೊಲಿಗೆ ಯಾಕೆ ಸಡಿಲ ಆಯ್ತು ಅಂತ ಕೇಳಿದರೆ ಜನ ಕನ್ನಡಕ ಹಾಕಿಕೊಂಡು ನೋಡುತ್ತಾರೆ.

ಹನ್ನೊಂದನೆಯ ಕಾರ್ಡ್ ಹೋಲ್ಡರ್ ಹೋದ ತಿಂಗಳು ಮುಗಿಯಿತು, ಈ ಸಲ ತೊಗಟೆಯ ಹದದ ಚರ್ಮದಲ್ಲೇ. ಹಿರಿಯರು ಎಂದಿನಂತೆ ಮೊದಲು ತಿರುಗಿಸಿದರು. ಹಿಂದಿನ ಹೊಲಿಗೆ ನೋಡಿ ಏನೂ ಹೇಳಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಎರಡು ಪದರ ಬೇರೆ ಬೇರೆಯಾಗಿ ಸಿಗ್ತಿದೆ ಕೈಗೆ. ಅಂಟಿಸಿದ ಮೇಲೆ ಸ್ಯಾಂಡ್‌ಪೇಪರ್ ಹಾಕಿ ಸಮ ಮಾಡಲಿಲ್ಲ ಅಲ್ವಾ?"

ಮಾಡಿರಲಿಲ್ಲ.