ಭುಜಕ್ಕೆ ಭಾರ ಆಗದ ದೊಡ್ಡ ಬೋರಿನ ಗಾಳಿಕೋವಿ

ಮೂರು ವರ್ಷದಿಂದ ಒಂದೇ ಕೆಲ್ಸದ ಹಿಂದೆ ಬಿದ್ದಿದೀನಿ, ಬರೀಬೇಕು ಬರೀಬೇಕು ಅನ್ಕೊಂಡು ಇವತ್ತು ಕೂತೆ. ಏನಪ್ಪಾ ಅಂದ್ರೆ ದೊಡ್ಡ ಬೋರಿನ, ಅಂದ್ರೆ ಗುಂಡು ಹೋಗೋ ತೂತು ಅಗಲ ಇರೋ, ಮದ್ದಿನ ಬದಲು ಒತ್ತಿ ತುಂಬಿದ ಗಾಳೀಲಿ ಹೊಡೆಯೋ ಒಂದು ಏರ್ ರೈಫಲ್, ಕಾಡುಹಂದಿಯಂಥ ಪ್ರಾಣಿಗೆ ಸಾಕಾಗೋ ಅಷ್ಟು ಶಕ್ತಿ ಇರ್ಬೇಕು, ಆದ್ರೆ ತೂಕ ಮೂರು ಕಿಲೋ ದಾಟಬಾರ್ದು. ಕೇಳೋಕೆ ಸಣ್ಣ ಆಸೆ. ಆದ್ರೆ ಈ ಎರಡೂ ಒಂದಕ್ಕೊಂದು ಆಗಿಬರೋದೇ ಇಲ್ಲ, ಶಕ್ತಿ ಬೇಕಂದ್ರೆ ಉದ್ದ ಬ್ಯಾರಲ್ (ನಳಿಗೆ) ಬೇಕು, ಜಾಸ್ತಿ ಗಾಳಿ ಬೇಕು, ಗಾಳಿ ಜಾಸ್ತಿ ಅಂದ್ರೆ ಅದನ್ನ ತುಂಬಿಡೋಕೆ ದೊಡ್ಡ ಬಾಟಲ್, ಬಾಟಲ್ ಅಂದ್ರೆ ತೂಕ.

ಮೊದ್ಲೇ ಒಂದು ಮಾತು. ಎಷ್ಟೋ ದೇಶಗಳಲ್ಲಿ ಇಷ್ಟು ಶಕ್ತಿಯ ಏರ್ ರೈಫಲ್‌ಗೆ ಮಾಮೂಲಿ ಕೋವಿಗೆ ಬೇಕಾದ ಹಾಗೇ ಲೈಸೆನ್ಸ್ ಬೇಕು, ಬೇಟೆಗಂತೂ ಬೇರೆಯದೇ ಕಾನೂನು. ಲೋಹ ಮುಟ್ಟೋಕೆ ಮುಂಚೆ ಅದನ್ನ ಸರಿಯಾಗಿ ತಿಳ್ಕೊಂಡು ಅನುಮತಿ ತಗೊಳ್ಳೋದು ಈ ಕೆಲ್ಸದ ಮೊದಲ ಹೆಜ್ಜೆ, ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಇನ್ನು ಇಲ್ಲಿ ಬರೀತಿರೋದು ನೋಡ್ಕೊಂಡು ಮಾಡೋ ನಕ್ಷೆ ಅಲ್ಲ, ಯಾವ ತೀರ್ಮಾನ ಯಾಕೆ ತಗೊಂಡೆ ಅನ್ನೋದಷ್ಟೇ.

ನನ್ನ ತಲೆಗೆ ಈ ಹುಳ ಬಿಟ್ಟಿದ್ದು ಇವತ್ತಿನ ರೈಫಲ್ ಅಲ್ಲ, 240 ವರ್ಷ ಹಳೇದು. ಬಾರ್ತೊಲೊಮಿಯೊ ಗಿರಾರ್ದೋನಿ ಅಂತ ಆಲ್ಪ್ಸ್ ಪರ್ವತದ ಟಿರೋಲ್ ಕಡೆಯ ಒಬ್ಬ ಕೋವಿ ತಯಾರಕ 1780ರ ಹೊತ್ತಿಗೆ ಮಾಡಿದ ಗಾಳಿಕೋವಿ ಅದು, ಆಸ್ಟ್ರಿಯಾ ಸೈನ್ಯ ಅದನ್ನ ಬಳಸ್ತು. ಸುಮಾರು 4.5 ಕಿಲೋ ತೂಕ, ಪಕ್ಕದ ಕೊಳವೇಲಿ 20ಕ್ಕೂ ಮೇಲೆ ಸೀಸದ ಗುಂಡು ಹಿಡಿಯೋದು, ಬೇರೆಯವ್ರೆಲ್ಲ ಮದ್ದು ಸುರಿದು ಸಲಾಕೆ ಹಾಕಿ ತುರುಕ್ತಾ ಇದ್ದ ಕಾಲದಲ್ಲಿ ಇದು ಒಂದರ ಹಿಂದೆ ಒಂದು ಹೊಡೀತಿತ್ತು. ಹೊಗೆ ಇಲ್ಲ, ಬೆಂಕಿ ಇಲ್ಲ, ಮಳೇಲಿ ಮದ್ದು ನೆನೆಯೋ ಭಯ ಇಲ್ಲ. ಆದ್ರೆ ಗಾಳಿ ತುಂಬೋಕೆ ಕೈ ಪಂಪಲ್ಲಿ ಸುಮಾರು 1,500 ಸಲ ಒತ್ತಬೇಕಿತ್ತು, ಕಬ್ಬಿಣದ ತಗಡಿನ ಟ್ಯಾಂಕ್ ಸೋರ್ತಿತ್ತು, ರಿಪೇರಿಗೆ ನುರಿತ ಕೈಯೇ ಬೇಕು, ಹಾಗಾಗಿ ಯುದ್ಧದಲ್ಲಿ ಬಹಳ ಕಾಲ ನಿಲ್ಲಲಿಲ್ಲ.

ಅಮೆರಿಕದ ಪಶ್ಚಿಮಕ್ಕೆ ಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಹತ್ರನೂ ಒಂದು ಗಾಳಿಕೋವಿ ಇತ್ತು, ಅದು ಗಿರಾರ್ದೋನಿದೇ ಅಂತ ಈಗ ಬಹಳ ಜನ ಅಧ್ಯಯನ ಮಾಡಿದವ್ರು ಒಪ್ತಾರೆ. 1803ರ ಆಗಸ್ಟ್ 30ರ ದಿನಚರೀಲಿ ಲೂಯಿಸ್ ಬರ್ದಿರೋ ಘಟನೆ ನನಗೆ ಮರೆಯೋದೇ ಇಲ್ಲ. ಪಿಟ್ಸ್‌ಬರ್ಗ್ ಹತ್ರ ಕೋವಿ ತೋರಿಸ್ತಾ ಇದ್ದಾಗ ಅದನ್ನ ಅರಿಯದ ಒಬ್ರ ಕೈಯಲ್ಲಿ ಗುಂಡು ಹಾರಿ, ಸುಮಾರು 40 ಗಜ ದೂರದಲ್ಲಿದ್ದ ಹೆಂಗಸಿನ ಹ್ಯಾಟ್ ತೂರ್ಕೊಂಡು ಕಣತಲೆ ಸವರಿ ಹೋಯ್ತು, ಆಕೆ ಬಿದ್ದುಬಿಟ್ರು, ಆಕೆ ಸತ್ತೇಹೋದ್ರು ಅಂತ ಎಲ್ಲರೂ ಅನ್ಕೊಂಡ್ರು, ಪುಣ್ಯಕ್ಕೆ ಗಾಯ ಆಳ ಇರಲಿಲ್ಲ. ಏರ್ ಗನ್ ಅಂದ್ರೆ ಮಕ್ಕಳ ಆಟಿಕೆ ಅನ್ನೋರಿಗೆ ನಾನು ಇದನ್ನೇ ಹೇಳೋದು.

ಆ ಹಳೇ ಕೋವೀಲಿ ನನ್ನನ್ನ ಹಿಡ್ಕೊಂಡಿದ್ದು ವೇಗ ಅಲ್ಲ, ಅದರ ಹಿಂಭಾಗ. ಭುಜಕ್ಕೆ ಆನಿಸ್ಕೊಳ್ಳೋ ಹಿಡಿ ಇದ್ಯಲ್ಲ, ಅದೇ ಗಾಳಿ ಟ್ಯಾಂಕ್! ಮರದ ಹಿಡಿ ಬೇರೆ, ಟ್ಯಾಂಕ್ ಬೇರೆ ಅಂತ ಇಲ್ಲ. ಒಂದೇ ಭಾಗದ ಕೈಲಿ ಎರಡು ಕೆಲ್ಸ. ಈಗಿನ ಏರ್‌ಫೋರ್ಸ್ ಅನ್ನೋ ಕಂಪನಿಯ ಟೆಕ್ಸನ್ ಥರದ ದೊಡ್ಡ ಬೋರಿನ ರೈಫಲ್‌ಗಳಲ್ಲೂ ಟ್ಯಾಂಕೇ ಹಿಡಿ. ನಾನು ಮೊದಲ ವರ್ಷ ಪೂರ್ತಿ ಹಾಳು ಮಾಡಿದ್ದು ಇದನ್ನ ಅರ್ಥ ಮಾಡ್ಕೊಳ್ದೆ, ಎಲ್ಲಾ ಭಾಗನೂ ಒಂದೊಂದು ಮಿಲ್ಲಿಮೀಟರ್ ತೆಳು ಮಾಡ್ತಾ ಕೂತೆ, 200 ಗ್ರಾಂ ಉಳೀತು ಅಷ್ಟೆ, ಆಮೇಲೆ ಬಾಟಲನ್ನ ಬ್ಯಾರಲ್ ಕೆಳಗಿಂದ ತೆಗ್ದು ಹಿಂದಕ್ಕೆ ಹಾಕ್ದಾಗ ಮರದ ಹಿಡೀನೂ ಹೋಯ್ತು, ಬಾಟಲ್ ಹಿಡಿಯೋ ಕ್ಲ್ಯಾಂಪೂ ಹೋಯ್ತು, ಗಾಳಿ ಹೋಗೋ ಡೊಂಕು ದಾರೀನೂ ನೇರ ಆಯ್ತು, ಒಂದೇ ಬದಲಾವಣೆಗೆ ಒಂದು ಕಿಲೋ ಹತ್ರ ಇಳೀತು.

ಈಗ ಶಕ್ತಿ ಎಲ್ಲಿಂದ ಬರತ್ತೆ ಅನ್ನೋದು. ಬಹಳ ಜನ ಪ್ರೆಷರ್ ಏರಿಸೋದೇ ದಾರಿ ಅನ್ಕೋತಾರೆ, ನಾನೂ ಅನ್ಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. 4.5 ಮಿ.ಮೀ. ಬೋರಲ್ಲಿ 200 ಬಾರ್ (ಒಂದು ಬಾರ್ ಅಂದ್ರೆ ಹತ್ತತ್ರ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಗಾಳಿ ಗುಂಡಿನ ಬೆನ್ನಿಗೆ ಕೊಡೋ ತಳ್ಳು ಸುಮಾರು 318 ನ್ಯೂಟನ್. ಅದೇ 200 ಬಾರ್, ಬೋರ್ 11.6 ಮಿ.ಮೀ. ಆದ್ರೆ 2,100 ನ್ಯೂಟನ್ ದಾಟತ್ತೆ. ವ್ಯಾಸ ಎರಡೂವರೆ ಪಟ್ಟು, ತಳ್ಳು ಆರೂವರೆ ಪಟ್ಟು! 70 ಸೆಂ.ಮೀ. ಬ್ಯಾರಲ್ ಉದ್ದಕ್ಕೂ ಆ ತಳ್ಳು ಕಡಿಮೆ ಆಗದೇ ಇದ್ರೆ ಸುಮಾರು 1,480 ಜೂಲ್ ಸಿಗ್ಬೇಕು. ಕೈಗೆ ಸಿಗೋದು ಅದರ ಅರ್ಧಕ್ಕಿಂತ ಕಡಿಮೆ, ನನಗೆ 20 ಗ್ರಾಂ ಗುಂಡು ಸೆಕೆಂಡಿಗೆ 250 ಮೀಟರ್ ಹೋಗತ್ತೆ, ಅಂದ್ರೆ 625 ಜೂಲ್.

ಮಿಕ್ಕಿದ್ದು ಎಲ್ಲಿ ಹೋಯ್ತು? ಇದಕ್ಕೆ ಉತ್ತರ ಸಿಕ್ಕಿದ ದಿನ ನಾನು ರಾತ್ರಿ ನಿದ್ದೆ ಮಾಡ್ಲಿಲ್ಲ. ಗಾಳಿಗೂ ತೂಕ ಇದೆ ಅಂತ ಶಾಲೇಲಿ ಓದಿದ್ವಿ, ಆದ್ರೆ ಎಷ್ಟು ಅಂತ ಯಾರು ಯೋಚ್ನೆ ಮಾಡ್ತಾರೆ. ಆ ಬ್ಯಾರಲ್ ಒಳಗಿನ ಜಾಗ 74 ಘನ ಸೆಂ.ಮೀ., ಅದ್ರಲ್ಲಿ 200 ಬಾರ್ ಗಾಳಿ ಪೂರ್ತಿ ತುಂಬಿದ್ರೆ ಹತ್ತತ್ರ 18 ಗ್ರಾಂ ತೂಗತ್ತೆ. ಗುಂಡು 20 ಗ್ರಾಂ, ಗಾಳಿ 18 ಗ್ರಾಂ! ಗುಂಡನ್ನ ತಳ್ಳೋ ಗಾಳಿ ತನ್ನನ್ನೂ ತಾನೇ ಎಳ್ಕೊಂಡು ಓಡ್ಬೇಕು, ಶಕ್ತಿಯ ದೊಡ್ಡ ಪಾಲು ಅದಕ್ಕೇ ಖರ್ಚು. ಅದಕ್ಕೇ ಹಗುರ ಗುಂಡು ಹಾಕಿದ್ರೆ ವೇಗ ಅಷ್ಟೇನೂ ಏರಲ್ಲ, ಜೂಲ್ ಇಳಿಯತ್ತೆ, ಭಾರದ ಗುಂಡು ಹಾಕಿದ್ರೆ ನಿಧಾನ ಹೋದ್ರೂ ಜೂಲ್ ಏರತ್ತೆ. ಹೀಲಿಯಂ ತುಂಬಿದ್ರೆ ವೇಗ ಏರೋದೂ ಇದೇ ಕಾರಣಕ್ಕೆ, ಅದು ಗಾಳಿಗಿಂತ ಏಳು ಪಟ್ಟು ಹಗುರ. ಇದು ತಿಳಿದ ಮೇಲೆ ವೇಗದ ಹುಚ್ಚು ಬಿಟ್ಟುಬಿಟ್ಟೆ, ಅಗಲ ಬೋರು, ಭಾರದ ಸೀಸ, ಗಾಳಿಗೆ ಅಡ್ಡಿ ಇಲ್ಲದ ದಾರಿ, ಈ ಮೂರರ ಮೇಲೇ ಪೂರ್ತಿ ಗಮನ.

ಬ್ಯಾರಲ್ ವಿಷಯದಲ್ಲಿ ಗಾಳಿಕೋವಿಗೆ ಒಂದು ದೊಡ್ಡ ಅನುಕೂಲ ಇದೆ. ಮದ್ದಿನ ರೈಫಲಲ್ಲಿ 3,500 ಬಾರ್ ಮೇಲೆ ಒತ್ತಡ ಬರತ್ತೆ, ದಪ್ಪ ಉಕ್ಕು ಬೇಕೇ ಬೇಕು. ನಮ್ಗೆ ಬರೋದು ಅದರ ಹದಿನೈದನೇ ಒಂದು ಭಾಗದಷ್ಟು. ಹಾಗಾಗಿ ದಪ್ಪ ಬೇಕಾಗೋದು ಒಡೀದೇ ಇರ್ಲಿ ಅಂತ ಅಲ್ಲ, ಬಾಗದೇ ಇರ್ಲಿ ಅಂತ. 25 ಮಿ.ಮೀ. ದಪ್ಪದ ಪೂರ್ತಿ ಉಕ್ಕಿನ ಬ್ಯಾರಲ್ 2.1 ಕಿಲೋ ತೂಗ್ತಿತ್ತು, 16 ಮಿ.ಮೀ.ಗೆ ಇಳಿಸಿದ್ರೆ ಅರ್ಧ ಕಿಲೋ ಚಿಲ್ಲರೆ, ಆದ್ರೆ ಬಿಗಿತನ ಎಂಟನೇ ಒಂದು ಭಾಗಕ್ಕೆ ಬಿದ್ದೋಗತ್ತೆ, ಯಾಕಂದ್ರೆ ಅದು ವ್ಯಾಸದ ನಾಲ್ಕನೇ ಘಾತದಲ್ಲಿ ಬದಲಾಗೋದು. ಹಾಗೇ ಬಿಟ್ರೆ ಸಣ್ಣಗೆ ಮೊಣಕೈ ತಾಗಿದ್ರೂ ಗುರಿ ಆಚೀಚೆ. ಅದಕ್ಕೆ ತೆಳು ಉಕ್ಕಿನ ಮೇಲೆ ಸ್ವಲ್ಪ ಜಾಗ ಬಿಟ್ಟು 25 ಮಿ.ಮೀ.ನ ಕಾರ್ಬನ್ ಫೈಬರ್ ಕೊಳವೆ ಹಾಕಿ ತುದೀಲಿ ನಟ್ ಬಿಗಿದು ಎಳೆತದಲ್ಲಿ ನಿಲ್ಸಿದೆ. ಕೊಳವೆ ತೂಕ 125 ಗ್ರಾಂ ಹತ್ರ, ಬಿಗಿತನ ಬರೀ ಆ ತೆಳು ಉಕ್ಕಿಗಿಂತ ಎರಡು ಪಟ್ಟಿಗೂ ಮೇಲೆ. ಇಡೀ ರೈಫಲಲ್ಲಿ ನನಗೆ ತುಂಬಾ ಇಷ್ಟ ಆದ ಭಾಗ ಇದೇ, ಬೆರಳಲ್ಲಿ ತಟ್ಟಿದ್ರೆ ಒಣ ಬಿದಿರಿನ ಸದ್ದು ಬರತ್ತೆ.

ಗಾಳಿ ಬಾಟಲ್ ಮಾತ್ರ ನಾನು ಮಾಡಿಲ್ಲ, ಯಾರೂ ಮಾಡಬೇಡಿ. ಪರೀಕ್ಷೆ ಆಗಿ ಮುದ್ರೆ ಬಿದ್ದಿರೋ, ಕಾರ್ಬನ್ ಸುತ್ತಿದ ಅರ್ಧ ಲೀಟರ್ ಬಾಟಲ್, 300 ಬಾರ್‌ದು ಕೊಂಡ್ಕೊಂಡೆ. ಅಷ್ಟು ಸಣ್ಣ ಬಾಟಲ್ ತುಂಬಿದಾಗ ಒಳಗೆ ಸುಮಾರು 30 ಕಿಲೋಜೂಲ್ ಕೂತಿರತ್ತೆ, ಒಂದು ಟನ್ ಕಾರು ಗಂಟೆಗೆ 28 ಕಿ.ಮೀ. ವೇಗದಲ್ಲಿ ಬಂದು ಗುದ್ದೋ ಅಷ್ಟು, ಅದೂ ಕೆನ್ನೆ ಪಕ್ಕದಲ್ಲೇ. ಮನೆಯ ಲೇತಲ್ಲಿ ಕಡೆದು ವೆಲ್ಡ್ ಹಾಕೋ ವಸ್ತು ಅಲ್ಲ ಅದು. ಇನ್ನೊಂದು, ಒಳಗೆ ಪೆಟ್ರೋಲಿಯಂ ಎಣ್ಣೆ ಗ್ರೀಸ್ ಒಂದು ಹನಿನೂ ಹೋಗಬಾರ್ದು, ಒತ್ತಡದ ಗಾಳೀಲಿ ಎಣ್ಣೆ ಡೀಸೆಲ್ ಎಂಜಿನಲ್ಲಿ ಹೊತ್ತೋ ಹಾಗೆ ಹೊತ್ಕೊಳ್ಳತ್ತೆ. ಗಾಳಿ ಸೋರದ ಹಾಗೆ ತಡೆಯೋ ಓ ರಿಂಗ್‌ಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ. ತುಂಬೋದೂ ಗಾಳೀನೇ, ಆಮ್ಲಜನಕ ಯಾವತ್ತೂ ಅಲ್ಲ.

ಅಷ್ಟೆಲ್ಲ ಆಗಿ ಮೊದಲ ಸಲ ಹೊಡೆದ ದಿನ. ಬಾಟಲಲ್ಲಿ 280 ಬಾರ್, ಎದುರಿಗೆ ಮಣ್ಣಿನ ದಿಬ್ಬ, ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಇಟ್ಟು ಹೊಡ್ದೆ, ಸೆಕೆಂಡಿಗೆ 190 ಮೀಟರ್ ಬಂತು. ಮನಸ್ಸು ಕುಸಿದುಹೋಯ್ತು, ಇಷ್ಟು ಕಷ್ಟಕ್ಕೆ ಇಷ್ಟೇನಾ ಅಂತ. ಬೇಜಾರಲ್ಲೇ ಇನ್ನೆರಡು ಹೊಡ್ದೆ, ಗಾಳಿ ಇಳೀತಾ ಇದೆ ಆದ್ರೆ ವೇಗ ಏರ್ತಾ ಇದೆ, 205, 221! 230 ಬಾರ್‌ಗೆ ಬಂದಾಗ 248 ಮುಟ್ತು, ಆಮೇಲೆ ಮೆಲ್ಲಗೆ ಇಳೀತು. ನನ್ನ ಜೊತೆ ಇದ್ದ ಗೆಳೆಯ, ಅವ್ನು ಲೈಸೆನ್ಸ್ ಇರೋ ಬೇಟೆಗಾರ, ಕ್ರೋನೋಗ್ರಾಫ್ ಕೆಟ್ಟಿದೆ ಕಣೋ ಅಂದ. ಕೆಟ್ಟಿರ್ಲಿಲ್ಲ. ಬಾಟಲಿನ ಗಾಳಿ ತಡೆದು ಬಿಡೋ ವಾಲ್ವ್ ಕೂರೋ ಜಾಗ 12 ಮಿ.ಮೀ. ಅಗಲ, 280 ಬಾರ್ ಅದರ ಬೆನ್ನ ಮೇಲೆ ಕೂತಾಗ ಬೀಳೋ ಭಾರ 320 ಕಿಲೋ. ಟ್ರಿಗರ್ ಒತ್ತಿದಾಗ ವಾಲ್ವಿಗೆ ಬಡಿದು ತೆರೆಯೋ ನನ್ನ ಹಗುರ ಹ್ಯಾಮರ್ ಅದನ್ನ ಬರೀ ಒಂಚೂರು ತಟ್ಟಿ ವಾಪಸ್ ಬರ್ತಿತ್ತು, ವಾಲ್ವ್ ಪೂರ್ತಿ ತೆರ್ಕೊಳ್ತಾನೇ ಇರಲಿಲ್ಲ, ಪ್ರೆಷರ್ ಇಳಿದ ಮೇಲೆ ಸರಿಯಾಗಿ ಬಾಯಿ ಬಿಡ್ತಿತ್ತು. ಜಾಸ್ತಿ ಗಾಳಿ ತುಂಬಿದಷ್ಟೂ ಬಾಗಿಲು ಗಟ್ಟಿಯಾಗಿ ಮುಚ್ಕೊಳ್ಳೋ ಲೆಕ್ಕ ಅದು.

ಸುಲಭದ ದಾರಿ ಅಂದ್ರೆ ಹ್ಯಾಮರ್ ಭಾರ ಮಾಡಿ ಸ್ಪ್ರಿಂಗ್ ಗಟ್ಟಿ ಮಾಡೋದು. ಮಾಡಿ ನೋಡ್ದೆ. ವೇಗ ಬಂತು, ಆದ್ರೆ ಗುಂಡು ಬ್ಯಾರಲ್ ಬಿಡೋ ಮುಂಚೆನೇ ಹ್ಯಾಮರ್ ಏಟಿಗೆ ಇಡೀ ರೈಫಲ್ ನಡುಗೋದು, ಕಾಕ್ ಮಾಡೋಕೆ, ಅಂದ್ರೆ ಹ್ಯಾಮರ್ ಹಿಂದಕ್ಕೆ ಎಳೆದು ನಿಲ್ಸೋಕೆ, ಎರಡೂ ಕೈ ಬೇಕು. ಹಗುರ ರೈಫಲಿಗೆ ಭಾರದ ಹ್ಯಾಮರ್ ಒಗ್ಗೋದೇ ಇಲ್ಲ. ಕೊನೆಗೆ ವಾಲ್ವಿನ ಹಿಂದೆ ಸಣ್ಣ ಕೋಣೆ ಮಾಡಿ, ವಾಲ್ವನ್ನ ಮುಚ್ಚೋ ಒತ್ತಡದ ಒಂದು ಪಾಲನ್ನ ಅಲ್ಲೇ ಕಳೆದುಬಿಡೋ ಪದ್ಧತಿಗೆ ಬಂದೆ, ಬ್ಯಾಲೆನ್ಸ್ಡ್ ವಾಲ್ವ್ ಅಂತಾರೆ. ಕೇಳೋಕೆ ಒಂದು ವಾಕ್ಯ, ಸರಿ ಮಾಡೋಕೆ ಎಂಟು ತಿಂಗ್ಳು. ಕಳೆದಿದ್ದು ಜಾಸ್ತಿ ಆದ್ರೆ ವಾಲ್ವ್ ಮುಚ್ಕೊಳ್ಳೋದೇ ಇಲ್ಲ, ಇಡೀ ಬಾಟಲ್ ಒಂದೇ ಉಸಿರಿಗೆ ಖಾಲಿ, ಅದೂ ಆಗಿದೆ ಎರಡು ಸಲ, ಕಿವಿಗೆ ಮಫ್ ಹಾಕಿದ್ರೂ ಅರ್ಧ ಗಂಟೆ ಗುಂಯ್ ಅಂತಿತ್ತು.

ಈಗ ರೈಫಲ್ ತೂಕ 2.8 ಕಿಲೋ, ಸ್ಕೋಪ್ ಬಿಟ್ಟು. ಒದೆತ ಇದೆ. ಗಾಳಿಕೋವಿ ಒದೆಯಲ್ಲ ಅನ್ನೋದು ಸಣ್ಣ ಬೋರಿನವ್ರ ಮಾತು, ಇಲ್ಲಿ ಗುಂಡಿನ ಲೆಕ್ಕಕ್ಕೇ ರೈಫಲ್ ಸೆಕೆಂಡಿಗೆ 1.8 ಮೀಟರ್ ವೇಗದಲ್ಲಿ ಹಿಂದೆ ಬರತ್ತೆ, ಹಿಂದಿಂದ ನುಗ್ಗೋ ಗಾಳಿದು ಅದರ ಮೇಲೆ ಬೇರೆ. ಬಾಟಲಿನ ಹಿಂದೆ ರಬ್ಬರ್ ದಪ್ಪ ಹಾಕ್ಬೇಕಾಯ್ತು.

250 ಬಾರ್‌ನಿಂದ 200ರ ತನಕ ಮೂರು ಹೊಡೆತ ಒಂದೇ ಥರ ಬರತ್ತೆ, ನಾಲ್ಕನೇದು ಇಳಿಯತ್ತೆ. ಮೂರೇನಾ ಅಂತ ಕೇಳೋರಿದಾರೆ. ಬೇಟೆಗೆ ಬೇಕಾಗಿರೋದು ಒಂದು, ಆ ಒಂದು ಸರಿಯಾಗಿ ಬೀಳ್ಬೇಕು. ಈ ಗುಂಡಿಗೆ ಮದ್ದಿನ ರೈಫಲಿನ ವೇಗದ ಆಘಾತ ಇಲ್ಲ, ಅಗಲ ತೂತು ಮಾಡ್ಕೊಂಡು ಆಳಕ್ಕೆ ಹೋಗಿ ರಕ್ತ ಹರಿಸೋದಷ್ಟೇ ಅದರ ಕೆಲ್ಸ, ಹೃದಯ ಶ್ವಾಸಕೋಶ ತಪ್ಪಿದ್ರೆ ಆ ಪ್ರಾಣಿ ಗಂಟೆಗಟ್ಲೆ ನರಳತ್ತೆ. ದೂರ ಕೂಡ ಹಾಗೇ. 50 ಮೀಟರಿಗೆ ಗುಂಡು ಸುಮಾರು 20 ಸೆಂ.ಮೀ. ಕೆಳಗೆ ಬೀಳತ್ತೆ, 100 ಮೀಟರಿಗೆ 80 ದಾಟತ್ತೆ, ಹತ್ತು ಮೀಟರ್ ಅಂದಾಜು ತಪ್ಪಿದ್ರೆ ಏಟು ಎದೆಗಲ್ಲ ಹೊಟ್ಟೆಗೆ. ಹಾಗಾಗಿ 60 ಮೀಟರ್ ಆಚೆ ಟ್ರಿಗರ್ ಮುಟ್ಟಲ್ಲ ಅಂತ ಗೆಳೆಯನೂ ನಾನೂ ಮಾತಾಡ್ಕೊಂಡಿದೀವಿ, ಪೇಪರ್ ಗುರೀಲಿ 100ಕ್ಕೆ ಎಷ್ಟೇ ಚೆನ್ನಾಗಿ ಬಿದ್ರೂ ಸರಿ. ಹಗುರ ಯಾಕೆ ಬೇಕು ಅಂದ್ರೂ ಇದಕ್ಕೇ, ಐದು ಕಿಲೋ ಹೊತ್ಕೊಂಡು ಗುಡ್ಡ ಹತ್ತಿ ತೋಳು ನಡುಗ್ತಿದ್ರೆ ಹತ್ರ ಹೋಗೋ ತಾಳ್ಮೆ ಇರಲ್ಲ, ದೂರದಿಂದಲೇ ಹೊಡೆದುಬಿಡೋಣ ಅನ್ಸತ್ತೆ.

ಈಗ ತಲೆ ತಿನ್ನುತ್ತಿರೋದು ತಾಪಮಾನ. ಮಧ್ಯಾಹ್ನ 35 ಡಿಗ್ರೀಲಿ 250 ಬಾರ್ ತುಂಬಿಟ್ಟ ಬಾಟಲ್, ಬೆಳಗಿನ ಜಾವ 10 ಡಿಗ್ರಿಗೆ ಬಂದಾಗ ಒಂದು ಗುಂಡೂ ಹೊಡೀದೆ 230 ತೋರಿಸತ್ತೆ. ಹೋದ ವಾರ ಬೆಳಿಗ್ಗೆ ಐದಕ್ಕೆ ಎದ್ದು ಆರು ಗುಂಡು ಹೊಡೆದು ಪ್ರತಿಯೊಂದರ ವೇಗ, ಬಾಟಲ್ ಮೈ ತಾಪಮಾನ ಎರಡೂ ಬರ್ಕೊಂಡೆ, ಮೂರನೇದಕ್ಕೂ ನಾಲ್ಕನೇದಕ್ಕೂ ಮಧ್ಯೆ ನಾನು ಅನ್ಕೊಂಡಿದ್ದಕ್ಕಿಂತ ದೊಡ್ಡ ಅಂತರ ಇದೆ. ಒಳಗೆ ತೇವ ಸೇರಿ ವಾಲ್ವ್ ಬಾಯಲ್ಲಿ ಮಂಜು ಕಟ್ತಿದೆಯಾ ಅಂತ ಅನುಮಾನ, ಗಾಳಿ ತುಂಬೋ ಕಂಪ್ರೆಸರಿನಲ್ಲಿ ತೇವ ಹೀರೋ ಡ್ರೈಯರ್ ಕಾಳು ಬದಲಾಯಿಸಿ ಇದೇ ಆರು ಗುಂಡನ್ನ ಮತ್ತೆ ಅದೇ ಹೊತ್ತಿಗೆ ಹೊಡೀಬೇಕು.