ಕಾಗದದ ಕ್ಯಾಮೆಲ್‌ಗೆ ದಾರ ಕಟ್ಟಿದ ದಿನ

ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ವಿಮಾನದ ಕಾಗದದ ಮಾದರಿ ಕೈಗೆತ್ತಿಕೊಂಡಾಗಲೇ ಗೊತ್ತಿತ್ತು, ಇದರಲ್ಲಿ ಒಂದಿಡೀ ದಿನ ಬರೀ ದಾರಕ್ಕೇ ಹೋಗುತ್ತದೆ ಅಂತ. ಅದಕ್ಕೇ ಈ ವಿಮಾನವನ್ನು ಬಹಳ ಕಾಲ ಮುಂದೂಡುತ್ತಾ ಬಂದಿದ್ದೆ. ಎರಡು ರೆಕ್ಕೆಯದ್ದು ಬೇಕು ಅನ್ನಿಸಿದಾಗ ಫೋಕರ್ ಡಿ.7 ಮಾಡಿ ಸಮಾಧಾನ ಪಟ್ಟುಕೊಂಡಿದ್ದೆ. ಆ ಜರ್ಮನ್ ವಿಮಾನದ ರೆಕ್ಕೆ ದಪ್ಪ. ಒಳಗಿನ ಮರದ ತೊಲೆಗಳೇ ಭಾರ ಹೊರುತ್ತವೆ, ರೆಕ್ಕೆಗಳ ನಡುವೆ ತಂತಿಯೇ ಇಲ್ಲ. ಸೋಮಾರಿಗಳಿಗೆ ಹೇಳಿ ಮಾಡಿಸಿದ ವಿಮಾನ.

ಕ್ಯಾಮೆಲ್ ಹಾಗಲ್ಲ. 1916ರ ಡಿಸೆಂಬರ್‌ನಲ್ಲಿ ಮೊದಲ ಸಲ ಹಾರಿದ ಈ ಬ್ರಿಟಿಷ್ ವಿಮಾನದ ರೆಕ್ಕೆ ತೆಳ್ಳಗೆ. ಒಳಗೆ ಮರದ ಚೌಕಟ್ಟು, ಮೇಲೆ ಬಟ್ಟೆ. ತಂತಿ ಬಿಚ್ಚಿದರೆ ಆ ರೆಕ್ಕೆಗೆ ನಿಲ್ಲುವ ತಾಕತ್ತೇ ಇಲ್ಲ.

ಒಡಲು ಕಟ್ಟಿದ್ದನ್ನು ಬೇಗ ಹೇಳಿಬಿಡುತ್ತೇನೆ. ಕಾಗದದ ವಿಮಾನಗಳಿಗೆ 1:33 ಅಳತೆ ತುಂಬಾ ಬಳಕೆಯಲ್ಲಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 8.5 ಮೀಟರ್ ಇದ್ದ ರೆಕ್ಕೆ ನನ್ನ ಮೇಜಿನ ಮೇಲೆ ಸುಮಾರು 26 ಸೆಂಟಿಮೀಟರ್ ಆಯಿತು. ಒಳಗೆ ದಪ್ಪ ರಟ್ಟಿನ ಚೌಕಟ್ಟು, ಮೇಲೆ ಅಚ್ಚು ಹಾಕಿದ ಕಾಗದದ ಹೊದಿಕೆ. ಕತ್ತರಿಸಿದ ಅಂಚು ಬೆಳ್ಳಗೆ ಕಾಣದಂತೆ ಅಂಟಿಸುವ ಮೊದಲೇ ಬಣ್ಣ ಹಚ್ಚಬೇಕು. ಕಾಟ ಕೊಟ್ಟಿದ್ದು ಬಂದೂಕುಗಳ ಮೇಲಿನ ಡುಬ್ಬ ಮಾತ್ರ. ಕಾಗದ ಒಂದು ದಿಕ್ಕಿಗೆ ಚೆನ್ನಾಗಿ ಬಾಗುತ್ತದೆ, ಎರಡೂ ದಿಕ್ಕಿಗೆ ಬಾಗು ಅಂದರೆ ಸುಕ್ಕಾಗುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಸೀಳು ಕೊಟ್ಟು, ಒಂದೊಂದಾಗಿ ಒಳಕ್ಕೆ ಸೇರಿಸಿ, ಹೇಗೋ ಅದನ್ನು ದಾರಿಗೆ ತಂದೆ.

ಕೆಳ ರೆಕ್ಕೆಯ ತುದಿಗಳು ಮೇಲಕ್ಕೆ ಎದ್ದಿರುತ್ತವೆ, ಮೇಲಿನ ರೆಕ್ಕೆ ಸಪಾಟು. ಆ ಲೆಕ್ಕ ತಪ್ಪದಿರಲಿ ಅಂತ ರಟ್ಟಿನಲ್ಲೇ ಒಂದು ಆಸರೆ ಕತ್ತರಿಸಿ ವಿಮಾನವನ್ನು ಅದರ ಮೇಲೆ ಕೂರಿಸಿದ್ದೆ. ಎರಡು ರೆಕ್ಕೆಗಳ ನಡುವಿನ ಕಂಬಗಳೆಲ್ಲ ನಿಂತಿದ್ದವು. ಅಂಟು ರಾತ್ರಿಯಿಡೀ ಒಣಗಿತ್ತು. ದಾರ ಹಿಡಿದು ಕೂತೆ.

ಮಗಳು ಬಂದು ಪಕ್ಕದಲ್ಲಿ ನಿಂತಳು. "ಅಮ್ಮಾ, ಇಷ್ಟೊಂದು ದಾರ ಯಾಕೆ? ಸುಮ್ನೆ ಚೆಂದಕ್ಕಾ?"

"ಮೇಲಿನ ರೆಕ್ಕೆಯ ತುದೀನ ಮೆಲ್ಲಗೆ ತಳ್ಳಿ ನೋಡು" ಅಂದೆ.

ತಳ್ಳಿದಳು. ಇಡೀ ರೆಕ್ಕೆ ಪಕ್ಕಕ್ಕೆ ವಾಲಿತು, ಬಿಟ್ಟ ಮೇಲೆ ವಾಪಸ್ ಬಂತು. ಅಲ್ಲಾಡುವ ಬೆಂಚಿಗೆ ಓರೆಯಾಗಿ ಒಂದು ಪಟ್ಟಿ ಹೊಡೆದರೆ ಗಟ್ಟಿಯಾಗುತ್ತದಲ್ಲ, ಇಲ್ಲಿ ಆ ಕೆಲಸ ದಾರದ್ದು. ಆದರೆ ದಾರಕ್ಕೆ ಎಳೆಯುವುದು ಮಾತ್ರ ಗೊತ್ತು, ತಳ್ಳುವುದು ಗೊತ್ತಿಲ್ಲ. ಅದಕ್ಕೇ ಎರಡೂ ದಿಕ್ಕಿಗೆ ಬೇಕು.

ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಆಗ ಒಡಲಿನ ಬುಡದಿಂದ ಹೊರಗಿನ ಕಂಬಗಳ ತಲೆಗೆ ಹೋಗುವ ತಂತಿಗಳು ಎಳೆದು ಹಿಡಿಯುತ್ತವೆ. ಇವು ಹಾರಾಟದ ತಂತಿಗಳು. ಕ್ಯಾಮೆಲ್‌ನಲ್ಲಿ ಇವು ಜೋಡಿ ಜೋಡಿಯಾಗಿ ಇರುತ್ತವೆ. ನೆಲದ ಮೇಲೆ ನಿಂತಾಗ ಎಲ್ಲ ಉಲ್ಟಾ. ರೆಕ್ಕೆಯ ಭಾರ ಕೆಳಕ್ಕೆ ಜಗ್ಗುತ್ತದೆ. ಆಗ ಒಡಲಿನ ಮೇಲೆ ನಿಂತ ನಡುಗಂಬಗಳ ತಲೆಯಿಂದ ಹೊರಗಿನ ಕಂಬಗಳ ಬುಡಕ್ಕೆ ಇಳಿಯುವ ತಂತಿಗಳು ಭಾರ ಹೊರುತ್ತವೆ. ಇವು ಇಳಿಯುವ ತಂತಿಗಳು. ನನ್ನ ವಿಮಾನ ಎಂದೂ ಹಾರುವುದಿಲ್ಲ. ಅಂದರೆ ಹಾರಾಟದ ತಂತಿಗಳಿಗೆ ಹುಟ್ಟಿನಿಂದಲೇ ರಜೆ ಅಲ್ವಾ ಅಂತ ಕೇಳಬಹುದು. ಇಲ್ಲ. ಅವು ಎದುರಿನಿಂದ ಜಗ್ಗಿದರೇ ಇಳಿಯುವ ತಂತಿಗಳೂ ನೆಟ್ಟಗೆ ನಿಲ್ಲುವುದು.

ಯಾವುದು ಮೊದಲು ಅನ್ನುವುದಕ್ಕೆ ಆಗಿನ ವಾಯುದಳದ ರಿಗ್ಗರ್‌ಗಳ ಕ್ರಮವನ್ನೇ ಹಿಡಿದೆ. ರೆಕ್ಕೆ ಕಂಬ ತಂತಿ ಹೊಂದಿಸುವುದೇ ಅವರ ಕಸುಬು. ಹಾರಾಟದ ತಂತಿಗಳನ್ನು ಸಡಿಲ ಬಿಟ್ಟು, ಇಳಿಯುವ ತಂತಿಗಳಿಂದ ರೆಕ್ಕೆಯ ಏರು ಸರಿಮಾಡುತ್ತಿದ್ದರು. ಆಮೇಲೆ ಮುಂದಿನ ಮತ್ತು ಹಿಂದಿನ ಕಂಬದ ನಡುವಿನ ಅಡ್ಡ ತಂತಿಗಳು. ಹಾರಾಟದ ತಂತಿಗಳ ಬಿಗಿ ಕೊನೆಗೆ. ಅವರ ತಂತಿಯ ಒಂದು ತುದಿಗೆ ಎಡ ತಿರುಪು, ಇನ್ನೊಂದಕ್ಕೆ ಬಲ ತಿರುಪು. ತಂತಿಯನ್ನೇ ತಿರುಗಿಸಿದರೆ ಬಿಗಿಯಾಗುತ್ತಿತ್ತು. ನನಗೆ ಆ ಭಾಗ್ಯವಿಲ್ಲ, ಒಂದು ಸಲ ಅಂಟಿದರೆ ಅಂಟಿತು.

ನಾನು ಬಳಸಿದ್ದು ಮೀನು ಹಿಡಿಯುವ ನೈಲಾನ್ ದಾರ, 0.1 ಮಿಲಿಮೀಟರ್ ದಪ್ಪದ್ದು. 33ರಿಂದ ಗುಣಿಸಿದರೆ ನಿಜವಾದ ವಿಮಾನದ ಅಳತೆಯಲ್ಲಿ 3.3 ಮಿಲಿಮೀಟರ್, ನೋಡೋಕೆ ಸರಿಯಾಗಿದೆ. ಹತ್ತಿಯ ದಾರ ಬೇಡ. ಅದಕ್ಕೆ ಜುಂಗು ಇರುತ್ತದೆ, ತೇವಕ್ಕೆ ಬಿಗಿಯೂ ಬದಲಾಗುತ್ತದೆ. ಅಪ್ಪಟ ಕಪ್ಪು ಬಣ್ಣವೂ ಬೇಡ, ದಾರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ನಾನು ಬೂದು ಬಣ್ಣ ಸವರಿದೆ.

ರೆಕ್ಕೆ ಜೋಡಿಸುವ ಮೊದಲೇ ಕಂಬಗಳ ಬುಡದಲ್ಲಿ ಸೂಜಿಯಿಂದ ತೂತು ಮಾಡಿ, ಅಂಚಿಗೆ ಒಂದು ಹನಿ ಸೂಪರ್ ಗ್ಲೂ ಕುಡಿಸಿದ್ದೆ. ಆಮೇಲೆ ದಾರ ಕಾಗದವನ್ನು ಕೊಯ್ಯುವುದಿಲ್ಲ. ದಾರದ ಒಂದು ತುದಿ ಅಂಟಿಸಿ, ಇನ್ನೊಂದನ್ನು ತೂತಿನಲ್ಲಿ ತೂರಿಸಿ, ಬಟ್ಟೆಯ ಕ್ಲಿಪ್ ನೇತು ಹಾಕುವುದು. ಕ್ಲಿಪ್ಪಿನ ಭಾರಕ್ಕೆ ದಾರ ತಾನೇ ಬಿಗಿಯಾಗುತ್ತದೆ, ಕೈ ನಡುಗುವ ಪ್ರಶ್ನೆಯೇ ಇಲ್ಲ. ಸೂಜಿಮೊನೆಯಿಂದ ಅಂಟು ಮುಟ್ಟಿಸಿ, ಹಿಡಿದ ಮೇಲೆ ಹೊಸ ಬ್ಲೇಡಿನಿಂದ ಉಳಿದ ತುದಿ ಕತ್ತರಿಸುವುದು.

ಕಣ್ಣು ಇಡಬೇಕಾದದ್ದು ಈಗ ಎಳೆಯುತ್ತಿರುವ ದಾರದ ಮೇಲಲ್ಲ, ಮೊದಲು ಕಟ್ಟಿದ್ದರ ಮೇಲೆ. ಹೊಸದು ಜಾಸ್ತಿ ಬಿಗಿಯಾದ ಕೂಡಲೇ ಹಳೆಯದು ಜೋಲುತ್ತದೆ. ಬಲಗಡೆಯ ಹಿಂದಿನ ಇಳಿಯುವ ದಾರ ಹೀಗೇ ಕೂದಲೆಳೆಯಷ್ಟು ಜೋತಿತು. ಬಿಸಿ ಸೂಜಿಯನ್ನು ಮುಟ್ಟಿಸದೆ ಹತ್ತಿರ ಹಿಡಿದೆ. ನೈಲಾನ್ ಕುಗ್ಗಿ ಗೆರೆ ಎಳೆದಂತೆ ನೆಟ್ಟಗಾಯಿತು. ಈ ಉಪಾಯ ಒಂದು ಸಲಕ್ಕೆ ಮಾತ್ರ. ಸೂಜಿ ಇನ್ನಷ್ಟು ಹತ್ತಿರ ಹೋದರೆ ದಾರವೇ ಇರುವುದಿಲ್ಲ.

ಬಲಗಡೆ ಮುಗಿಸಿ ನೇರ ಎಡಗಡೆಗೆ ಹೋಗಲಿಲ್ಲ. ಬಲಕ್ಕೊಂದು, ಎಡಕ್ಕೊಂದು. ಒಂದೇ ಕಡೆ ಎಲ್ಲ ಬಿಗಿದರೆ ಕಾಗದದ ರೆಕ್ಕೆ ಆ ಕಡೆ ತಿರುಚಿಕೊಳ್ಳುತ್ತದೆ.

ಸಂಜೆ ಹೊತ್ತಿಗೆ ಆಸರೆಯಿಂದ ಎತ್ತಿ ಮಗಳ ಕೈಗೆ ಕೊಟ್ಟೆ. ಮತ್ತೆ ಅದೇ ತುದಿಯನ್ನು ತಳ್ಳಿದಳು. ಈ ಸಲ ರೆಕ್ಕೆ ವಾಲಲಿಲ್ಲ, ಇಡೀ ವಿಮಾನವೇ ಕೈಯಲ್ಲಿ ತಿರುಗಿತು. "ಬರೀ ದಾರಕ್ಕೆ ಇಷ್ಟು ಗಟ್ಟೀನಾ?" ಅಂತ ಇನ್ನೂ ಜೋರಾಗಿ ತಳ್ಳೋಕೆ ಹೋದಳು. ಕಿತ್ತುಕೊಂಡು ಕಪಾಟಿನಲ್ಲಿ ಇಟ್ಟೆ.

ಬಾಲದ ಚುಕ್ಕಾಣಿಗೆ ಹೋಗುವ ತಂತಿಗಳು ಇನ್ನೂ ಬಾಕಿ ಇವೆ. ಅವಕ್ಕೆ ಭಾರ ಹೊರುವ ಕೆಲಸವಿಲ್ಲ, ನಿಧಾನಕ್ಕೆ ಆಗುತ್ತದೆ. ಮುಂದಿನದು ಬ್ರಿಸ್ಟಲ್ ಫೈಟರ್. ಅದಕ್ಕೆ ಒಂದೊಂದು ಬದಿಗೂ ಎರಡೆರಡು ಜೊತೆ ಕಂಬ, ದಾರವೂ ಅದಕ್ಕೆ ತಕ್ಕಂತೆ. ಭಾಗಗಳನ್ನು ಈಗಾಗಲೇ ಪ್ರಿಂಟ್ ಮಾಡಿಟ್ಟಿದ್ದೇನೆ.